ದೆವ್ವಕ್ಕಿಂತ ಮೊದಲು ಊರು: ಓದುತ್ತಾ ಆಡುವ ಐದು ಹಾರರ್ ಗೇಮ್‌ಗಳಲ್ಲಿ ನಿಮಗೆ ಯಾವುದು?

“ಗುಂಡು ಹೊಡೆಯೋದು, ಓಡೋದು ಬೇಡ. ಕಥೆ ಇರಬೇಕು. ಸಣ್ಣ ಊರು, ಏನೋ ಒಂದು ಗುಟ್ಟು, ರಾತ್ರಿ ದೀಪ ಆರಿಸಿ ಒಬ್ಬರೇ ಕೂತು ಆಡುವಂಥದ್ದು. ಯಾವುದಾದರೂ ಗೇಮ್ ಹೇಳಿ.” ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ನನಗೆ ನಾಲ್ಕು ಕಡೆಯಿಂದ ಬಂತು. ನಾಲ್ವರಿಗೂ ಬೇರೆ ಬೇರೆ ಹೆಸರು ಹೇಳಿದೆ, ಯಾರ ಸ್ವಭಾವ ಹೇಗೆ ಅಂತ ಯೋಚನೆ ಮಾಡದೆ. ಫಲ ಹೀಗಿತ್ತು: ಒಬ್ಬರು ಮೂರು ರಾತ್ರಿಯಲ್ಲಿ ಮುಗಿಸಿ ಥ್ಯಾಂಕ್ಸ್ ಹೇಳಿದರು. ಇನ್ನೊಬ್ಬರು ಅರ್ಧ ಗಂಟೆಗೆ ಮುಚ್ಚಿಟ್ಟರು. ಮತ್ತೊಬ್ಬರು “ಎರಡು ಗಂಟೆ ಆಡಿದೆ, ಇದರಲ್ಲಿ ದೆವ್ವ ಎಲ್ರೀ?” ಅಂತ ಮೆಸೇಜ್ ಹಾಕಿದರು. ನಾಲ್ಕನೆಯವನು ನಮ್ಮ ಚಿಕ್ಕಪ್ಪನ ಮಗ, ಅವನ ವಿಷಯ ಕೊನೆಗೆ ಹೇಳುತ್ತೇನೆ.

ತಪ್ಪು ಗೇಮ್‌ಗಳದ್ದಲ್ಲ, ನನ್ನದು. ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ ಜಾತಿ: ದೊಡ್ಡ ಕಂಪನಿಯ ದುಡ್ಡಿಲ್ಲದೆ ಒಬ್ಬಿಬ್ಬರು, ಹೆಚ್ಚೆಂದರೆ ಒಂದು ಸಣ್ಣ ತಂಡ ಮಾಡಿದ, ಓದುವುದೇ ಮುಖ್ಯವಾದ ಇಂಡೀ ಗೇಮ್‌ಗಳು. ಒಳಗೆ ಹೋದ ಮೇಲೆ ದಾರಿ ಬೇರೆಬೇರೆ. ಹಾಗಾಗಿ ನಾನೇ ಆಡಿದ ಐದನ್ನು ಇಲ್ಲಿ ತೂಗಿ ನೋಡಿದ್ದೇನೆ: ಆ್ಯಂಕರ್‌ಹೆಡ್, ಸ್ಕಾರ್ಲೆಟ್ ಹಾಲೋ, ನೈಟ್ ಇನ್ ದ ವುಡ್ಸ್, ದ ಎಕ್ಸ್‌ಕವೇಶನ್ ಆಫ್ ಹಾಬ್ಸ್ ಬ್ಯಾರೋ, ವರ್ಲ್ಡ್ ಆಫ್ ಹಾರರ್. ಕಥೆಯ ಗುಟ್ಟು ಯಾವುದನ್ನೂ ಬಿಟ್ಟುಕೊಡುವುದಿಲ್ಲ. ಹೆಚ್ಚಾಗಿ ಶುರುವಿನ ಭಾಗದ ಸಂಗತಿಗಳನ್ನೇ ಹೇಳುತ್ತೇನೆ.

ಯಾವುದರಿಂದ ಅಳೆಯಬೇಕು

ನನ್ನ ಮೊದಲ ಅಳತೆಗೋಲು ಸ್ವಲ್ಪ ವಿಚಿತ್ರ. ಸಣ್ಣ ಊರಿಗೆ ಹೋದಾಗ ಬಸ್ ಇಳಿಯುತ್ತಿದ್ದಂತೆ ಯಾರಾದರೂ ಕೇಳುತ್ತಾರಲ್ಲ, “ಯಾರ ಮನೆಯವರು?” ಅಂತ, ಆ ಪ್ರಶ್ನೆಗೆ ಗೇಮಿನಲ್ಲಿ ನಿಮ್ಮ ಉತ್ತರ ಏನು? ಸೊಸೆಯಾಗಿ ಬಂದವರೋ, ನೆಂಟರೋ, ಅಲ್ಲೇ ಹುಟ್ಟಿ ಬೆಳೆದವರೋ, ಪೂರ್ತಿ ಹೊರಗಿನವರೋ? ಈ ಜಾತಿಯ ಗೇಮಿನಲ್ಲಿ ಹೆದರಿಕೆ ಹುಟ್ಟುವುದೇ ಆ ಸಂಬಂಧದಿಂದ. ದೆವ್ವ ಬರುವುದು ಆಮೇಲೆ. ಮೊದಲು ಊರು ಮೈಗೆ ಹತ್ತಬೇಕು. ಊರು ಮೈಗೆ ಹತ್ತುವವರೆಗೆ ಕಾಯುವ ತಾಳ್ಮೆ ನಿಮಗೆ ಎಷ್ಟಿದೆ ಅನ್ನುವುದರ ಮೇಲೆ ಆಯ್ಕೆಯ ಮುಕ್ಕಾಲು ಭಾಗ ನಿಂತಿದೆ.

ಎರಡನೆಯದು, ಕೈಗೆ ಏನು ಕೆಲಸ. ಕೆಲವದರಲ್ಲಿ ನೀವೇ ಟೈಪ್ ಮಾಡಬೇಕು. ಕೆಲವದರಲ್ಲಿ ಪರದೆ ಮೇಲಿನ ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಸಾಕು. ಒಗಟು ಬಿಡಿಸುವುದು ಖುಷಿ ಕೊಡುವವರಿಗೂ ತಲೆನೋವಾಗುವವರಿಗೂ ಒಂದೇ ಗೇಮ್ ಹೇಳಿ ಪ್ರಯೋಜನವಿಲ್ಲ.

ಮೂರನೆಯದು ಇಂಗ್ಲಿಷ್. ಈ ಐದರಲ್ಲಿ ಯಾವುದೂ ಕನ್ನಡದಲ್ಲಿ ಇಲ್ಲ. ಓದುವುದೇ ಆಟವಾದಾಗ, ಪ್ರತಿ ವಾಕ್ಯಕ್ಕೂ ನಿಘಂಟು ತೆಗೆಯುವಂತಾದರೆ ಹೆದರಿಕೆ ಹುಟ್ಟುವುದೇ ಇಲ್ಲ. ಇದನ್ನು ಹೇಳಿಕೊಳ್ಳಲು ಸಂಕೋಚ ಪಡಬೇಕಾಗಿಲ್ಲ, ನನಗೂ ಒಂದೆರಡು ಕಡೆ ತಡವರಿಸಿತು.

ನಾಲ್ಕನೆಯದು, ಒಳಗಿರುವ ಸರಕು. ದೊಡ್ಡವರಿಗೆ ಮಾತ್ರ ಅಂದಕೂಡಲೇ ಕೆಲವರು ಬೇರೇನೋ ಅಂದುಕೊಳ್ಳುತ್ತಾರೆ. ಇಲ್ಲಿ ಅದು ಸಾವು, ಮಾನಸಿಕ ಕಾಯಿಲೆ, ಮನೆಯೊಳಗಿನ ದೌರ್ಜನ್ಯ, ವಿಕಾರವಾದ ದೇಹಗಳ ಚಿತ್ರ ಇಂಥವು. ಐದರಲ್ಲೂ ಈ ಸರಕಿನ ಪ್ರಮಾಣ ಒಂದೇ ಸಮ ಇಲ್ಲ. ಇನ್ನು ದುಡ್ಡು, ಸಮಯ, ಯಂತ್ರ. ಯಂತ್ರದ ಬಗ್ಗೆ ಒಂದೇ ಮಾತು: ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಆಫೀಸಿನ ಹಳೇ ಲ್ಯಾಪ್‌ಟಾಪ್ ಸಾಕು.

ಮೊದಲು ಅರ್ಧ ಗಂಟೆ, ಪುಕ್ಕಟೆ

ಓದುತ್ತಾ ಹೆದರುವುದು ನಿಮ್ಮ ಕೈಲಾಗುತ್ತದೋ ಇಲ್ಲವೋ ಅಂತಲೇ ಅನುಮಾನವಿದ್ದರೆ, ಐದರ ತಂಟೆಗೆ ಹೋಗುವ ಮೊದಲು ಮೈಕೆಲ್ ಲಟ್ಜ್ 2013ರಲ್ಲಿ ಕ್ಲಿಕ್ ಮಾಡಿ ಓದುವ ಕಥೆ ಕಟ್ಟುವ ಸಾಧನ ಟ್ವೈನ್‌ನಲ್ಲಿ ಮಾಡಿದ ಮೈ ಫಾದರ್ಸ್ ಲಾಂಗ್, ಲಾಂಗ್ ಲೆಗ್ಸ್ ಆಡಿ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಕಾಸು ಖರ್ಚಿಲ್ಲ. ಒಬ್ಬ ಅಪ್ಪ ಮನೆಯ ನೆಲಮಾಳಿಗೆಯಲ್ಲಿ ಅಗೆಯಲು ಶುರು ಮಾಡುತ್ತಾನೆ, ನಿಲ್ಲಿಸುವುದೇ ಇಲ್ಲ. ಕಥೆ ಇಷ್ಟೇ. ನೀವು ಮಾಡುವ ಕೆಲಸ ಪದಗಳ ಮೇಲೆ ಕ್ಲಿಕ್ ಮಾಡುತ್ತಾ ಹೋಗುವುದು. ಹೆಡ್‌ಫೋನ್ ಹಾಕಿಕೊಳ್ಳಿ. ಮುಗಿದ ಮೇಲೆ “ಹೂಂ, ಆಮೇಲೆ?” ಅನ್ನಿಸಿದರೆ ಈ ಲೇಖನದ ಉಳಿದ ಭಾಗ ನಿಮಗಲ್ಲ. ಅಡುಗೆಮನೆಗೆ ನೀರು ಕುಡಿಯಲು ಹೋಗುವಾಗ ದೀಪ ಹಾಕಿಕೊಂಡು ಹೋದರೆ ಮುಂದಕ್ಕೆ ಓದಿ.

ಆ್ಯಂಕರ್‌ಹೆಡ್: ಸೊಸೆ ಬಂದ ಮನೆ

ಐದರಲ್ಲಿ ಅತ್ಯಂತ ಹಳೆಯದು. ಮೈಕೆಲ್ ಜೆಂಟ್ರಿ 1998ರಲ್ಲಿ ಬಿಡುಗಡೆ ಮಾಡಿದ್ದು. ಚಿತ್ರ ಇಲ್ಲ, ಸಂಗೀತ ಇಲ್ಲ, ಬರೀ ಅಕ್ಷರ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಡಲ ದಂಡೆಯ ಕಾಲ್ಪನಿಕ ಊರು. ಗಂಡನಿಗೆ ಎಂದೂ ಕಾಣದ ದೂರದ ಬಂಧುವಿನ ದೊಡ್ಡ ಮನೆ ಆಸ್ತಿಯಾಗಿ ಬಂದಿದೆ, ನೀವು ಅವನ ಹೆಂಡತಿ. ಅಂದರೆ “ಯಾರ ಮನೆಯವರು?” ಎಂಬ ಪ್ರಶ್ನೆಗೆ ನಿಮ್ಮ ಉತ್ತರ: ಈ ಮನೆಯ ಸೊಸೆ. ಮನೆತನದ ಚರಿತ್ರೆ ನಿಮಗೆ ಯಾರೂ ಹೇಳಿಲ್ಲ. ಹೇಳಬೇಕಾದ ಗಂಡ ದಿನದಿಂದ ದಿನಕ್ಕೆ ಬೇರೆಯವನಾಗುತ್ತಾ ಹೋಗುತ್ತಾನೆ. ಗಂಡನ ಮನೆಗೆ ಬಂದ ಹೆಣ್ಣು ಅಲ್ಲಿಯ ಮುಚ್ಚಿದ ಕೋಣೆಯ ಬೀಗ ತೆಗೆಯುವ ಕಥೆ ನಮ್ಮ ಅಜ್ಜಿಯರ ಬಾಯಲ್ಲೂ ಇತ್ತು. ಅದಕ್ಕೇ ಏನೋ, ಊರು ಎಷ್ಟೇ ದೂರದ್ದಾದರೂ ನನಗೆ ಇದು ಐದರಲ್ಲಿ ಎಲ್ಲಕ್ಕಿಂತ ಹತ್ತಿರವಾಯಿತು.

ಆಡುವ ರೀತಿ ಹೇಗೆ ಅಂತ ತೋರಿಸಲು ಮೊದಲ ದೃಶ್ಯ ನೋಡಿ. ಜಿಟಿಜಿಟಿ ಮಳೆ. ಕೈಯಲ್ಲಿ ಛತ್ರಿ. ಮನೆಯ ಕೀಲಿ ಕೊಡಬೇಕಾದ ರಿಯಲ್ ಎಸ್ಟೇಟ್ ಆಫೀಸಿಗೆ ಬೀಗ, ಒಳಗೆ ಯಾರೂ ಇಲ್ಲ. ಪಕ್ಕದಲ್ಲಿ ಒಂದು ಓಣಿ, ಅಲ್ಲಿ ಕಸದ ಡಬ್ಬ, ಗೋಡೆಯ ಮೇಲೆ ಕೈಗೆಟುಕದ ಕಿಟಕಿ. ಇಷ್ಟು ಓದಿದ ಮೇಲೆ ಪರದೆಯಲ್ಲಿ ಒಂದು ಚಿಹ್ನೆ ಮಿಣುಕುತ್ತಾ ಕಾಯುತ್ತದೆ. ಯಾವ ಬಟನ್ನೂ ಇಲ್ಲ. ಏನು ಮಾಡಬೇಕೆಂದು ನೀವೇ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು: ಡಬ್ಬವನ್ನು ಗೋಡೆಗೆ ತಳ್ಳು, ಡಬ್ಬದ ಮೇಲೆ ಹತ್ತು, ಕಿಟಕಿ ತೆಗೆ. ಹೊಸ ಊರಿಗೆ ಬಂದ ಮೊದಲ ಅರ್ಧ ಗಂಟೆಯಲ್ಲೇ ಯಾರದೋ ಆಫೀಸಿಗೆ ಕಳ್ಳರಂತೆ ನುಗ್ಗಿರುತ್ತೀರಿ, ಅದೂ ನಿಮ್ಮ ಕೈಯಾರೆ ಟೈಪ್ ಮಾಡಿ. ಬೇರೆ ಗೇಮಿನಲ್ಲಿ ಪಾತ್ರ ಬಾಗಿಲು ತೆಗೆಯುತ್ತದೆ, ಇಲ್ಲಿ “ಬಾಗಿಲು ತೆಗೆ” ಅಂತ ಬರೆದವರು ನೀವೇ. ಕೊನೆಯ ದಿನ ಬರುವ ಹೊತ್ತಿಗೆ ಆ ಎರಡು ಪದ ಟೈಪ್ ಮಾಡಲು ಬೆರಳು ಹಿಂದೆಮುಂದೆ ನೋಡುತ್ತದೆ.

ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಒಗಟುಗಳು ಗಟ್ಟಿ. ಲೈಬ್ರರಿ, ಹಳೇ ಪತ್ರಿಕೆ ತುಣುಕು, ಮನೆತನದ ದಾಖಲೆ ಎಲ್ಲವನ್ನೂ ಕೆದಕಬೇಕು. ನಕ್ಷೆಯನ್ನು ಕಾಗದದಲ್ಲಿ ಬರೆದುಕೊಳ್ಳದೆ ಗತಿಯಿಲ್ಲ. ವರ್ಣನೆಯ ವಾಕ್ಯಗಳು ಉದ್ದ, ಇಂಗ್ಲಿಷ್ ಐದರಲ್ಲೇ ಭಾರವಾದದ್ದು. ಸಮಾಧಾನವೆಂದರೆ ಅವಸರ ಪಡಿಸುವವರು ಯಾರೂ ಇಲ್ಲ. ಒಂದು ಪ್ಯಾರಾ ಮೂರು ಸಲ ಓದಿದರೂ ಗೇಮ್ ಹಾಗೇ ಕಾಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ: ಒಂದು ವಸ್ತುವನ್ನು ಹಿಂದೆ ಬಿಟ್ಟು ಬಂದರೆ ಮುಂದೆ ಯಾವಾಗಲೋ ಗೆಲ್ಲಲು ದಾರಿಯೇ ಇಲ್ಲದಂತಾಗಬಹುದು, ಗೇಮ್ ನಿಮಗೆ ಅದನ್ನು ಹೇಳುವುದೂ ಇಲ್ಲ. ನಾನು ಎರಡು ವಾರ, ದಿನಕ್ಕೊಂದು ಗಂಟೆಯಂತೆ ಆಡಿ, ಒಂದೇ ಫೈಲಿನ ಮೇಲೆ ಸೇವ್ ಮಾಡುತ್ತಾ ಹೋಗಿ, ಕೊನೆಯ ದಿನಕ್ಕೆ ಬಂದು ಸಿಕ್ಕಿಹಾಕಿಕೊಂಡೆ. ಬೇಕಾದ ವಸ್ತು ಮೊದಲ ದಿನದ ಕೋಣೆಯಲ್ಲಿ ಉಳಿದಿತ್ತು. ತಿರುಗಿ ಮೊದಲಿನಿಂದ. ಒಂದೊಂದು ದಿನಕ್ಕೂ ಬೇರೆ ಬೇರೆ ಹೆಸರಿನಲ್ಲಿ ಎರಡು ಮೂರು ಸೇವ್ ಇಟ್ಟುಕೊಳ್ಳಿ ಅಂತ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಸರಕು ಐದರಲ್ಲಿ ಅತಿ ಕರಾಳ. ಮಕ್ಕಳ ಕೊಲೆ, ರಕ್ತಸಂಬಂಧದೊಳಗಿನ ಲೈಂಗಿಕ ದೌರ್ಜನ್ಯ ಕಥೆಯ ಬೇರಿನಲ್ಲೇ ಇವೆ. ಅವನ್ನು ಓದಲಾಗದವರು ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ದುಡ್ಡಿನ ವಿಷಯಕ್ಕೆ ಬಂದರೆ, 1998ರ ಮೂಲ ಆವೃತ್ತಿ ಇವತ್ತಿಗೂ ಉಚಿತ. ಐಎಫ್‌ಡಿಬಿ ಎಂಬ ಇಂಟರಾಕ್ಟಿವ್ ಫಿಕ್ಷನ್ (ಓದುತ್ತಾ ಆಡುವ ಕಥೆ) ದಾಖಲೆ ತಾಣದಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ. ಬ್ರೌಸರ್‌ನಲ್ಲೇ ಆಡಬಹುದು, ಇಲ್ಲವೇ ಫ್ರಾಟ್ಜ್‌ನಂಥ ಪುಟ್ಟ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. 2018ರಲ್ಲಿ ಜೆಂಟ್ರಿಯವರೇ ಅದನ್ನು ತಿದ್ದಿ ಬರೆದು, ಚಿತ್ರಗಳನ್ನು ಸೇರಿಸಿ ಮಾರಾಟಕ್ಕೆ ತಂದರು. ಸ್ಟೀಮ್‌ನಲ್ಲೂ ಇಚ್.ಐಓದಲ್ಲೂ ಇದೆ (ಎರಡೂ ಆನ್‌ಲೈನ್ ಗೇಮ್ ಅಂಗಡಿಗಳು). ನನ್ನ ಸಲಹೆ: ಮೊದಲು ಉಚಿತದ್ದರಲ್ಲಿ ಒಂದು ಸಂಜೆ ಕಳೆಯಿರಿ. ಟೈಪ್ ಮಾಡುವ ಪದ್ಧತಿ ಒಗ್ಗಿದರೆ ಆಮೇಲೆ ಚಿತ್ರದ ಆವೃತ್ತಿಗೆ ದುಡ್ಡು ಹಾಕಿ. ಫೋನಿನಲ್ಲಿ ಆಡುವುದಾದರೆ ಕೀಬೋರ್ಡಿನ ತಾನಾಗಿ ತಿದ್ದುವ ಸೌಲಭ್ಯ ಆಫ್ ಮಾಡಿಡಿ. ಇಲ್ಲದಿದ್ದರೆ ನೀವು ಬರೆದದ್ದೊಂದು, ಅದು ಕಳಿಸಿದ್ದೊಂದು, ಗೇಮ್ “ಅರ್ಥವಾಗಲಿಲ್ಲ” ಅನ್ನುತ್ತಲೇ ಇರುತ್ತದೆ.

ಸ್ಕಾರ್ಲೆಟ್ ಹಾಲೋ: ಸಾವಿಗೆ ಬಂದ ನೆಂಟರು

ಟೈಪ್ ಮಾಡುವುದು ಆಗದ ಮಾತು, ಆದರೆ ನಾನು ಹೇಳಿದ್ದಕ್ಕೆ, ಮಾಡಿದ್ದಕ್ಕೆ ಬೆಲೆ ಇರಬೇಕು ಅನ್ನುವವರಿಗೆ ಇದು. ಇದನ್ನು ಮಾಡಿದ ಕೆನಡಾದ ಬ್ಲ್ಯಾಕ್ ಟ್ಯಾಬಿ ಗೇಮ್ಸ್ ಅಂದರೆ ಆ್ಯಬಿ ಹೋವರ್ಡ್ ಮತ್ತು ಟೋನಿ ಹೋವರ್ಡ್-ಏರಿಯಸ್ ಎಂಬ ದಂಪತಿ. ಚಿತ್ರ ಆ್ಯಬಿಯವರದು, ಎಲ್ಲ ಕೈಯಲ್ಲೇ ಬಿಡಿಸಿದ್ದು. ಊರು ಅಮೆರಿಕದ ನಾರ್ತ್ ಕ್ಯಾರೊಲೈನಾದ ಅಪಲೇಷಿಯನ್ ಬೆಟ್ಟಗಳಲ್ಲಿ, ಕಲ್ಲಿದ್ದಲ ಗಣಿಯ ಕಾಲ ಮುಗಿದು ಸೊರಗಿದ ಸ್ಕಾರ್ಲೆಟ್ ಹಾಲೋ. ಗಣಿಯೂ ಊರಿನ ಹೆಸರೂ ನಿಮ್ಮ ಮನೆತನದ್ದೇ. ಸಂಬಂಧ ಕಡಿದುಹೋಗಿದ್ದ ಆಂಟಿಯೊಬ್ಬರು ತೀರಿಕೊಂಡಿದ್ದಾರೆ, ಅಂತ್ಯಸಂಸ್ಕಾರಕ್ಕೆ ಬಂದಿದ್ದೀರಿ. ಇಂಗ್ಲಿಷಿನ ‘ಆಂಟ್’ ಅನ್ನುವ ಪದ ಚಿಕ್ಕಮ್ಮನೋ ಅತ್ತೆಯೋ ಅಂತ ಹೇಳುವುದಿಲ್ಲ. ನಾನಂತೂ ಚಿಕ್ಕಮ್ಮ ಅಂದುಕೊಂಡೇ ಆಡಿದೆ. ಅವರ ಮಗಳು ಟ್ಯಾಬಿತಾ ಬಾಗಿಲಲ್ಲಿ ನಿಂತು ನೋಡುವ ನೋಟದಲ್ಲೇ ಗೊತ್ತಾಗುತ್ತದೆ, ಈ ನೆಂಟರು ಬೇಕಾಗಿ ಬಂದವರಲ್ಲ ಅಂತ.

ಶುರುವಿನಲ್ಲಿ ಏಳು ಗುಣಗಳಲ್ಲಿ ಎರಡನ್ನು ಆರಿಸಬೇಕು. ಗಟ್ಟಿ ಮೈಕಟ್ಟು, ಚೆಲುವು, ಪುಸ್ತಕದ ಬುದ್ಧಿ, ಬೀದಿಯ ಬುದ್ಧಿ, ಚುರುಕು ಕಣ್ಣು, ಅಲೌಕಿಕದ ಸುಳಿವು ಹಿಡಿಯುವ ಶಕ್ತಿ, ಪ್ರಾಣಿಗಳೊಂದಿಗೆ ಮಾತು. ಇಪ್ಪತ್ತೊಂದು ಜೋಡಿ ಸಾಧ್ಯ. ಬೇರೆ ಗೇಮ್‌ಗಳಲ್ಲಿ ಇಂಥದ್ದು ಹೆಚ್ಚಾಗಿ ಅಲಂಕಾರಕ್ಕೆ. ಇಲ್ಲಿ ಹಾಗಲ್ಲ. ಪ್ರಾಣಿಗಳೊಂದಿಗೆ ಮಾತಾಡಬಲ್ಲಿರಾದರೆ ಸ್ಟೆಲ್ಲಾ ಎಂಬಾಕೆಯ ಪಗ್ ನಾಯಿ ಗ್ರೆಚೆನ್ ಬರೀ ಮುದ್ದಿನ ನಾಯಿಯಾಗಿ ಉಳಿಯುವುದಿಲ್ಲ, ಅದಕ್ಕೂ ಒಂದು ಅಭಿಪ್ರಾಯ ಇರುತ್ತದೆ, ನಿಮ್ಮ ಮೇಲೆ ನಂಬಿಕೆಯೂ ಇರುತ್ತದೆ. ಆ ನಂಬಿಕೆ ಇಟ್ಟುಕೊಂಡ ಮೇಲೆ ಮೊದಲ ಅಧ್ಯಾಯದ ಕೊನೆಗೆ ಹೋದಾಗ ಮೌಸ್ ಹಿಡಿದ ಕೈ ಬೆವರಿತು. ಇಷ್ಟು ಸಾಕು, ಹೆಚ್ಚು ಹೇಳಿದರೆ ಆಟ ಕೆಡುತ್ತದೆ.

ಇಂಗ್ಲಿಷ್ ಸಲೀಸು, ದಿನನಿತ್ಯದ ಮಾತುಕತೆ. ಒಗಟು ಇಲ್ಲ. ಗೀಚುಗೆರೆಯ ಚಿತ್ರಗಳಲ್ಲಿ ರಕ್ತಮಾಂಸ ಸಾಕಷ್ಟಿದೆ, ಪ್ರಾಣಿಗಳಿಗೆ ನೋವಾಗುವುದು ನೋಡಲಾರೆ ಅನ್ನುವವರು ಯೋಚಿಸಿ. ತೊಡಕು ಒಂದೇ, ಆದರೆ ಸಣ್ಣದಲ್ಲ: ಇದು ಧಾರಾವಾಹಿಯ ಹಾಗೆ ಬರುವ ಗೇಮ್. ಏಳು ಅಧ್ಯಾಯದ ಯೋಜನೆ, 2021ರಿಂದ, ಪೂರ್ತಿಯಾಗುವ ಮೊದಲೇ ಮಾರುವ ಪದ್ಧತಿಯಾದ ಅರ್ಲಿ ಆಕ್ಸೆಸ್‌ನಲ್ಲಿ ಒಂದೊಂದಾಗಿ ಬಿಡುಗಡೆ. ನಡುವೆ 2023ರಲ್ಲಿ ಇದೇ ದಂಪತಿ ಸ್ಲೇ ದ ಪ್ರಿನ್ಸೆಸ್ ಎಂಬ ಇನ್ನೊಂದು ಗೇಮನ್ನೂ ತಂದರು, ಕಾದಿದ್ದವರು ಇನ್ನಷ್ಟು ಕಾದರು. ಕೊಳ್ಳುವ ದಿನ ಸ್ಟೋರ್ ಪುಟದಲ್ಲಿ ಎಷ್ಟು ಅಧ್ಯಾಯ ಬಂದಿವೆ ನೋಡಿ. ವಾರಪತ್ರಿಕೆಯ ಧಾರಾವಾಹಿಗೆ ಮುಂದಿನ ಗುರುವಾರದವರೆಗೆ ಕಾದ ತಲೆಮಾರಿನವರಿಗೆ ಇದು ಕಷ್ಟವಲ್ಲ. ಒಂದೇ ವಾರಾಂತ್ಯದಲ್ಲಿ ಇಡೀ ಸೀಸನ್ ನೋಡಿ ಮುಗಿಸುವವರಿಗೆ ಹಿಂಸೆ. ಮೊದಲ ಅಧ್ಯಾಯ ಉಚಿತ, ಹಾಗಾಗಿ ರುಚಿ ನೋಡಲು ಅಡ್ಡಿಯಿಲ್ಲ.

ನೈಟ್ ಇನ್ ದ ವುಡ್ಸ್: ಓದು ಬಿಟ್ಟು ಊರಿಗೆ ಬಂದವಳು

“ದೆವ್ವ ಎಲ್ರೀ?” ಅಂತ ಕೇಳಿದವರಿಗೆ ನಾನು ಹೇಳಿದ್ದು ಇದನ್ನೇ. ಅವರ ಕೋಪ ನ್ಯಾಯವಾದದ್ದೇ. ಇದರಲ್ಲಿ ಹೆದರಿಕೆ ಬಹಳ ತಡವಾಗಿ ಬರುತ್ತದೆ, ಬಂದಾಗಲೂ ಕಿರುಚುವುದಿಲ್ಲ.

2013ರಲ್ಲಿ, ಜನರಿಂದ ದುಡ್ಡು ಕೂಡಿಸುವ ತಾಣ ಕಿಕ್‌ಸ್ಟಾರ್ಟರ್‌ನಲ್ಲಿ 50,000 ಡಾಲರ್ ಕೇಳಿ ಎರಡು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿ, 2017ರ ಫೆಬ್ರುವರಿಯಲ್ಲಿ ಬಂದ ಗೇಮ್. ಪಾತ್ರಗಳೆಲ್ಲ ಪ್ರಾಣಿಗಳು: ನಾಯಕಿ ಮೇ ಬೊರೊವ್ಸ್ಕಿ ಬೆಕ್ಕು, ಗೆಳೆಯ ಗ್ರೆಗ್ ನರಿ, ಗೆಳತಿ ಬೀ ಮೊಸಳೆ. ಬಣ್ಣಬಣ್ಣದ ಚಿತ್ರ ನೋಡಿ ಮಕ್ಕಳ ಕೈಗೆ ಕೊಡಬೇಡಿ. ಇಪ್ಪತ್ತು ವರ್ಷದ ಮೇ ಕಾಲೇಜು ಅರ್ಧಕ್ಕೆ ಬಿಟ್ಟು ಪಾಸಮ್ ಸ್ಪ್ರಿಂಗ್ಸ್ ಎಂಬ ತನ್ನೂರಿಗೆ ಬರುತ್ತಾಳೆ. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಅಪ್ಪ ಅಮ್ಮ ದಿನ ತಪ್ಪು ತಿಳಿದುಕೊಂಡಿದ್ದಾರೆ. ಇಲ್ಲಿ “ಯಾರ ಮನೆಯವರು?” ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಅವರು ಕೇಳುವುದು ಅದಕ್ಕಿಂತ ಕೆಟ್ಟದ್ದು: “ಯಾಕೆ ವಾಪಸ್ ಬಂದೆ?”

ಆಮೇಲೆ ದಿನಗಳು ಉರುಳುತ್ತವೆ. ಬೆಳಗ್ಗೆ ಅಡುಗೆಮನೆಯಲ್ಲಿ ಅಮ್ಮನೊಂದಿಗೆ ಎರಡು ಮಾತು. ಬೀದಿಯಲ್ಲಿ ಸುತ್ತಾಟ, ತಂತಿಗಳ ಮೇಲೆ ನೆಗೆತ. ಸಂಜೆ ಗ್ರೆಗ್‌ನ ಜೊತೆಗೋ ಬೀಯ ಜೊತೆಗೋ ಅಂತ ಒಂದೇ ಆಯ್ಕೆ, ಒಬ್ಬರನ್ನು ಆರಿಸಿದರೆ ಇನ್ನೊಬ್ಬರ ಕಥೆ ಆ ಸಲಕ್ಕೆ ತಪ್ಪಿತು. ರಾತ್ರಿ ಟಿವಿ ಮುಂದೆ ಕೂತ ಅಪ್ಪನ ಪಕ್ಕ ಹೋಗಿ ಕೂರುವುದು. ಗಣಿ ಮುಚ್ಚಿದೆ, ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ತನ್ನ ಅಮ್ಮ ಕ್ಯಾನ್ಸರಿನಿಂದ ಹೋದ ಮೇಲೆ ಬೀ ಕಾಲೇಜಿನ ಆಸೆ ಬಿಟ್ಟು ಮನೆಯವರ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದಾಳೆ. ಒಂದು ದಿನ ರಸ್ತೆ ಬದಿಯಲ್ಲಿ ಒಂದು ತುಂಡಾದ ಕೈ ಬಿದ್ದಿರುತ್ತದೆ. ಅದೂ ಎರಡು ದಿನ ಊರಿನ ಸುದ್ದಿ, ಆಮೇಲೆ ಮತ್ತೆ ಅದೇ ಬೀದಿ, ಅದೇ ಟಿವಿ.

ನನ್ನ ಪ್ರಕಾರ ಊರನ್ನು ಕಟ್ಟುವುದರಲ್ಲಿ ಐದರಲ್ಲಿ ಇದಕ್ಕೇ ಮೊದಲ ಸ್ಥಾನ. 2018ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ದೊಡ್ಡ ಬಹುಮಾನವೂ ಕಥನಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಾರರ್ ಬೇಕು ಅಂತಲೇ ಕೊಳ್ಳುವವರು ಇದನ್ನು ಕೊಳ್ಳಬಾರದು. ಇನ್ನೊಂದು ವ್ಯಾವಹಾರಿಕ ಸಂಗತಿ: ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಗೇಮಿನ ವಿಷಯದಲ್ಲಿ ಆ ಎರಡು ಗಂಟೆ ಸಾಲುವುದಿಲ್ಲ, ಅಷ್ಟರಲ್ಲಿ ಊರು ಇನ್ನೂ ಪರಿಚಯವಾಗುತ್ತಿರುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಾತಿನ ಗುಳ್ಳೆಗಳು ಚಿಕ್ಕವು, ಆದರೆ ಅಮೆರಿಕದ ಹುಡುಗರ ಆಡುಮಾತು, ತಮಾಷೆ ಎಲ್ಲವೂ ತಲೆಗೆ ಹೋಗುವುದಿಲ್ಲ. ಹೋಗದಿದ್ದರೂ ಕಥೆ ನಿಲ್ಲುವುದಿಲ್ಲ. ಮನಸ್ಸು ಕುಗ್ಗಿದ ದಿನಗಳಲ್ಲಿರುವವರಿಗೆ ಒಂದು ಎಚ್ಚರಿಕೆ: ಮೇಯ ಮಾನಸಿಕ ಸ್ಥಿತಿ ಕಥೆಯ ನಡುಮನೆಯಲ್ಲೇ ಕೂತಿದೆ.

ಹಾಬ್ಸ್ ಬ್ಯಾರೋ: ಹೊರಗಿನವಳು

ಮೂರು ರಾತ್ರಿಯಲ್ಲಿ ಮುಗಿಸಿ ಥ್ಯಾಂಕ್ಸ್ ಹೇಳಿದವರು ಆಡಿದ್ದು ಇದು. 2022ರ ಸೆಪ್ಟೆಂಬರಿನಲ್ಲಿ ಬಂದದ್ದು, ಮಾಡಿದವರು ಕ್ಲೋಕ್ ಆ್ಯಂಡ್ ಡ್ಯಾಗರ್ ಗೇಮ್ಸ್, ಪ್ರಕಟಿಸಿದವರು ವಾಜೆಟ್ ಐ. ವಿಕ್ಟೋರಿಯಾ ಕಾಲದ ಇಂಗ್ಲೆಂಡ್, ಬ್ಯೂಲೆ ಎಂಬ ಒಂಟಿ ಹಳ್ಳಿ, ಸುತ್ತ ಬಯಲು. ಥಾಮಸಿನಾ ಬೇಟ್‌ಮನ್ ಪುರಾತನ ಸಮಾಧಿ ದಿಬ್ಬಗಳನ್ನು ಅಗೆದು ಪುಸ್ತಕ ಬರೆಯುವವಳು. ‘ಬ್ಯಾರೋ’ ಅಂದರೆ ಆ ದಿಬ್ಬ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ನಡುವೆ ಓಡಾಡಿದವರಿಗೆ ಆ ಮೌನ ಗೊತ್ತಿರುತ್ತದೆ. ಅಲ್ಲಿ ಬಂಡೆಯ ಚಪ್ಪಡಿ, ಇಲ್ಲಿ ಹುಲ್ಲು ಬೆಳೆದ ಮಣ್ಣು, ಅಷ್ಟೇ ವ್ಯತ್ಯಾಸ.

ಒಬ್ಬಾತ ಪತ್ರ ಬರೆದು ಕರೆಸಿದ್ದಾನೆ. ಬಂದು ನೋಡಿದರೆ ಆತನ ಪತ್ತೆಯಿಲ್ಲ. ದಿಬ್ಬ ಎಲ್ಲಿದೆ ಅಂದರೆ ಊರವರಿಗೆ ಕಿವಿ ಕೇಳಿಸುವುದಿಲ್ಲ. ಪಬ್ಬಿನಲ್ಲಿ ಮಾತು ಹಠಾತ್ತನೆ ನಿಲ್ಲುತ್ತದೆ. ದಪ್ಪ ಚುಕ್ಕಿಗಳ ಹಳೇ ಕಾಲದ ಚಿತ್ರ, ಮೌಸಿನಿಂದ ಕ್ಲಿಕ್ ಮಾಡಿ ವಸ್ತು ತೆಗೆದುಕೊಳ್ಳುವುದು, ಕೊಡುವುದು, ಕೇಳುವುದು. ಆಗಾಗ ಯಾರದೋ ಮುಖ ಪರದೆಯ ತುಂಬ ದೊಡ್ಡದಾಗಿ ಬಂದು ನಿಲ್ಲುತ್ತದೆ, ಕಣ್ಣು, ಹಲ್ಲು, ಎಲ್ಲ ಚುಕ್ಕಿಚುಕ್ಕಿ. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ.

ಇಂಗ್ಲಿಷಿನ ಚಿಂತೆ ಇರುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಹಳ್ಳಿಗರ ಭಾಷೆ ಉತ್ತರ ಇಂಗ್ಲೆಂಡಿನ ಒರಟು ಮಾತು, ಬರೀ ಓದಿದ್ದರೆ ಕಷ್ಟವಾಗುತ್ತಿತ್ತು. ಆದರೆ ಎಲ್ಲ ಪಾತ್ರಕ್ಕೂ ಧ್ವನಿಯಿದೆ, ಕೆಳಗೆ ಅಕ್ಷರವೂ ಇದೆ. ಕಿವಿ ಕಣ್ಣು ಎರಡೂ ಸೇರಿ ಅರ್ಥ ಮಾಡಿಕೊಳ್ಳುತ್ತವೆ. ಒಗಟುಗಳು ನ್ಯಾಯವಾಗಿವೆ, ಆ್ಯಂಕರ್‌ಹೆಡ್‌ನ ಹಾಗೆ ಮೋಸ ಮಾಡುವುದಿಲ್ಲ. ಎಂಟು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಕಥೆ ಪೂರ್ತಿಯಾಗುತ್ತದೆ. ಕೊರತೆ ಅಂದರೆ ನಿಮ್ಮ ಆಯ್ಕೆಯಿಂದ ಏನೂ ಬದಲಾಗುವುದಿಲ್ಲ. ಥಾಮಸಿನಾಳ ಕಥೆ ಮೊದಲೇ ಬರೆದಿಟ್ಟದ್ದು, ನೀವು ಅವಳನ್ನು ಅಲ್ಲಿಗೆ ನಡೆಸಿಕೊಂಡು ಹೋಗುತ್ತೀರಿ ಅಷ್ಟೆ. ಕೊನೆಯಲ್ಲಿ ಸಮಾಧಾನ ಹುಡುಕಬೇಡಿ. ಒಮ್ಮೆ ಮುಗಿಸಿದರೆ ಎರಡನೇ ಸಲ ಆಡುವವರು ಕಡಿಮೆ, ಅದನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವರ್ಲ್ಡ್ ಆಫ್ ಹಾರರ್: ಊಟದ ನಂತರದ ಒಂದು ಗಂಟೆ

ಪೋಲೆಂಡಿನ ಒಬ್ಬ ದಂತವೈದ್ಯ, ಪಾನ್‌ಸ್ಟಾಷ್ ಎಂಬ ಹೆಸರಿನಲ್ಲಿ, ಎಂಎಸ್ ಪೇಂಟ್‌ನಲ್ಲಿ ಚಿತ್ರ ಬರೆದು ಮಾಡಿದ ಗೇಮ್ ಇದು. ಹೌದು, ನಾವು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮನೆ, ಸೂರ್ಯ, ತೆಂಗಿನಮರ ಬರೆಯುತ್ತಿದ್ದ ಅದೇ ಎಂಎಸ್ ಪೇಂಟ್. 2020ರಲ್ಲಿ ಅರ್ಲಿ ಆಕ್ಸೆಸ್, 2023ರ ಅಕ್ಟೋಬರಿನಲ್ಲಿ ಪೂರ್ತಿ. ಜಪಾನಿನ ಶಿಯೊಕಾವಾ ಎಂಬ ಕಾಲ್ಪನಿಕ ಕರಾವಳಿ ಪೇಟೆ, ಎಂಬತ್ತರ ದಶಕ.

ಇಲ್ಲಿ ಊರು ನಿಮ್ಮನ್ನು ಏನೂ ಕೇಳುವುದಿಲ್ಲ. ಇಸ್ಪೀಟು ಕಲಸಿದ ಹಾಗೆ ಪ್ರತಿ ಸಲವೂ ಬೇರೆ ಘಟನೆಗಳು ಎದುರಾಗುತ್ತವೆ. ಒಂದು ಸುತ್ತಿನಲ್ಲಿ ಐದು ರಹಸ್ಯ ಬಿಡಿಸಿ, ಲೈಟ್‌ಹೌಸ್ ಹತ್ತಬೇಕು. ದೇಹಬಲ, ಬುದ್ಧಿಯ ಸ್ಥಿಮಿತ ಎರಡೂ ಸೋರುತ್ತಿರುತ್ತವೆ. ಇನ್ನೊಂದು ಕಡೆ ಊರಿನ ವಿನಾಶದ ಲೆಕ್ಕ ಶೇಕಡಾ 100ರತ್ತ ಏರುತ್ತಿರುತ್ತದೆ. ಶಾಲೆಯಲ್ಲಿ ಕತ್ತರಿ ಹಿಡಿದ ಹೆಂಗಸಿನ ಪ್ರಕರಣದಿಂದ ಕಲಿಕೆ ಶುರು. ಸಾಯುತ್ತೀರಿ, ಮತ್ತೆ ಶುರು ಮಾಡುತ್ತೀರಿ. ವಾಕ್ಯಗಳು ಚಿಕ್ಕ, ಇಂಗ್ಲಿಷ್ ಸುಲಭ. ಕಷ್ಟ ಇರುವುದು ನಿಯಮಗಳಲ್ಲಿ, ಪರದೆಯ ತುಂಬ ಕಿಕ್ಕಿರಿದ ಅಂಕಿ ಮತ್ತು ಬಟನ್ನುಗಳಲ್ಲಿ. ಅರ್ಧ ಗಂಟೆಗೆ ಮುಚ್ಚಿಟ್ಟವರು ಅಲ್ಲೇ ಸೋತದ್ದು. ಕಣ್ಣು, ಬಾಯಿ, ಚರ್ಮ ವಿಕಾರವಾಗುವ ಚಿತ್ರಗಳು ಧಾರಾಳ, ಕಪ್ಪುಬಿಳುಪಿನಲ್ಲಿದ್ದರೂ ಹೇಸಿಗೆಯೇನೂ ಕಡಿಮೆಯಿಲ್ಲ. ಕಥೆಗೆ ಆದಿ ಅಂತ್ಯ ಬೇಕು ಅನ್ನುವವರಿಗೆ ಇದು ಬೇಡ. ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ನಾಳೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಿಟ್ಟುಕೊಳ್ಳುವುದು ಬೇಡ ಅನ್ನುವವರಿಗೆ ಐದರಲ್ಲಿ ಇದರಷ್ಟು ಒಗ್ಗುವುದು ಬೇರೆ ಇಲ್ಲ. ದುಡ್ಡಿಗೆ ತಕ್ಕ ಗಂಟೆಗಳ ಲೆಕ್ಕ ಹಾಕಿದರೂ ಇದೇ ಮುಂದು.

ಹಾಗಾದರೆ ಯಾವುದು?

ಒಂದೇ ಒಂದನ್ನು ಆಡುತ್ತೇನೆ, ಮುಗಿಸಬೇಕು, ಹೆದರಬೇಕು ಅನ್ನುವವರಿಗೆ ಹಾಬ್ಸ್ ಬ್ಯಾರೋ. ಯಾರಿಗಾದರೂ ಕಣ್ಣುಮುಚ್ಚಿ ಹೇಳಬಹುದಾದದ್ದು ಇದೊಂದೇ. ಗೇಮ್ ಅಂದರೆ ಏನೆಂದೇ ಗೊತ್ತಿಲ್ಲದ, ಆದರೆ ಕಾದಂಬರಿ ಬಿಡದೆ ಓದುವ ಸ್ನೇಹಿತರಿಗೆ ಸ್ಕಾರ್ಲೆಟ್ ಹಾಲೋದ ಉಚಿತ ಅಧ್ಯಾಯ ಕೊಡಿ, ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ. ಊರು ಬಿಟ್ಟು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಹಬ್ಬಕ್ಕೆ ಬಂದಾಗಲೆಲ್ಲ ಮುಚ್ಚಿದ ಅಂಗಡಿ ಎಣಿಸುವವರು ನೈಟ್ ಇನ್ ದ ವುಡ್ಸ್ ಆಡಿ, ದೆವ್ವದ ಆಸೆ ಬದಿಗಿಟ್ಟು.

ಕಾಸು ಖರ್ಚು ಮಾಡುವ ಹಾಗಿಲ್ಲ ಅಂದರೆ ಆ್ಯಂಕರ್‌ಹೆಡ್‌ನ ಹಳೇ ಆವೃತ್ತಿ. ಉಚಿತ ಅಂತ ಹಗುರವಾಗಿ ನೋಡಬೇಡಿ, ದುಡ್ಡು ಕೊಟ್ಟು ಕೊಂಡ ಎಷ್ಟೋ ಗೇಮ್‌ಗಳಿಗಿಂತ ಇದು ಹೆಚ್ಚು ಕಾಲ ನನ್ನೊಂದಿಗೆ ಉಳಿದಿದೆ. ಕೊಳ್ಳುವುದಾದರೆ ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿ ಇರುತ್ತದೆ, ಬೇಸಿಗೆ ಮತ್ತು ಚಳಿಗಾಲದ ಸೇಲ್‌ವರೆಗೆ ಕಾದರೆ ಇಳಿಯುವುದೂ ಉಂಟು. ಇಚ್.ಐಓದಲ್ಲಿ ಲೆಕ್ಕ ಡಾಲರ್‌ನಲ್ಲಿ. ಕಾರ್ಡಿಗೆ ಅಂತರರಾಷ್ಟ್ರೀಯ ವಹಿವಾಟು ತೆರೆದಿದೆಯೇ ಅಂತ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಅರ್ಲಿ ಆಕ್ಸೆಸ್ ಗೇಮನ್ನು ಸೇಲ್ ಇದೆ ಅನ್ನುವ ಒಂದೇ ಕಾರಣಕ್ಕೆ ಕೊಳ್ಳಬೇಡಿ.

ಇನ್ನು ಚಿಕ್ಕಪ್ಪನ ಮಗ. ಅವನಿಗೆ ಹೇಳಿದ್ದು ಆ್ಯಂಕರ್‌ಹೆಡ್, ಉಚಿತದ್ದು. ಹದಿನೈದು ದಿನ ಸುದ್ದಿ ಇರಲಿಲ್ಲ, ಬಿಟ್ಟಿರಬೇಕು ಅಂದುಕೊಂಡಿದ್ದೆ. ಕಳೆದ ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಹಿಂದೆ ಮಳೆಯ ಸದ್ದು, ಗೇಮಿನದೋ ಅವನ ಮನೆ ಹೆಂಚಿನದೋ ಗೊತ್ತಾಗಲಿಲ್ಲ.

“ಅಕ್ಕಾ, ನೆಲಮಾಳಿಗೆಗೆ ಈಗ ಇಳೀಬೇಕಾ, ಬೆಳಗಾಗಲಿ ಅಂ‌ತ ಬಿಡಲಾ?”

ಗೇಮಿನಲ್ಲಿ ಶಬ್ದವೇ ಇಲ್ಲ ಅನ್ನುವುದು ಆಗ ಹೊಳೆಯಿತು, ಮಳೆ ಅವನ ಮನೆಯದೇ. “ಅದಿರಲಿ, ಎಷ್ಟು ಸೇವ್ ಇಟ್ಟಿದೀಯ?” ಅಂದೆ.

“ಒಂದೇ. ಯಾಕೆ?”